ಬಂಗಿಗೆ ಚೀಟಿ ನೋಡಿ ಮಾಡಿಕೊಡುವ ಕ್ರೀಮ್: ಮಂಗಳೂರಿನ ಒಂದು ಮೆಡಿಕಲ್ ಬಗ್ಗೆ

ಮಂಗಳೂರಿನಲ್ಲಿ ಕಂಕನಾಡಿ ಕಡೆ ಒಂದು ಮೆಡಿಕಲ್ ಉಂಟು. ಸ್ಕಿನ್ ಡಾಕ್ಟರ್ ಬರೆದ ಚೀಟಿ ನೋಡಿ, ಮುಖಕ್ಕೆ ಹಚ್ಚುವ ಕ್ರೀಮನ್ನು ಅಲ್ಲೇ ಒಳಗೆ ಅಳೆದು, ಕಲಸಿ, ಟ್ಯೂಬಿಗೆ ತುಂಬಿ ಕೊಡುತ್ತಾರೆ. ನಾನು ಅಲ್ಲಿಂದ ಬಂಗಿನ, ಅಂದರೆ ಮುಖದಲ್ಲಿ ಏಳುವ ಕಂದು ಕಲೆಯ, ಮದ್ದು ಮಾಡಿಸಿಕೊಳ್ಳಲು ಶುರು ಮಾಡಿದ ಮೇಲೆ ಒಂದು ಮಳೆಗಾಲ, ಒಂದು ಬೇಸಿಗೆ ಕಳೆದಿದೆ. ಹೇಗಿದೆ, ಎಷ್ಟು ಖರ್ಚಾಗುತ್ತದೆ, ನಿಜವಾಗಿ ಹೋಗುತ್ತದಾ ಎಂದು ಕೇಳುವವರು ಜಾಸ್ತಿ ಆಗಿದ್ದಾರೆ. ಅದಕ್ಕೆ ಎಲ್ಲ ಒಟ್ಟಿಗೆ ಬರೆಯುತ್ತಿದ್ದೇನೆ. ಅಂಗಡಿಯ ಹೆಸರು ಬೇಕೆಂದೇ ಹಾಕಿಲ್ಲ. ಎಲ್ಲಿ ಮಾಡಿಸಬೇಕು ಎಂದು ಚೀಟಿ ಬರೆದ ಡಾಕ್ಟರೇ ಹೇಳುತ್ತಾರೆ. ಡಾಕ್ಟರಿಗೆ ತೋರಿಸದೆ ನೇರ ಅಂಗಡಿಗೆ ಹೋಗಿ "ಬಂಗಿಗೆ ಒಂದು ಕ್ರೀಮ್ ಕೊಡಿ" ಎಂದು ಕೇಳಿದರೆ ಅವರು ಕೊಡುವುದೂ ಇಲ್ಲ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಖುಷಿಯಾಗಿದೆ. ಬಂಗು ಪೂರ್ತಿ ಹೋಗಿಲ್ಲ, ಆದರೂ ಖುಷಿಯಾಗಿದೆ. ಆ ಅಂಗಡಿಯವರು ಕ್ರೀಮನ್ನು ಎಷ್ಟು ಜಾಗ್ರತೆಯಲ್ಲಿ ಮಾಡುತ್ತಾರೋ, ಅದನ್ನು ಯಾವಾಗ ನಿಲ್ಲಿಸಬೇಕು ಎನ್ನುವುದನ್ನೂ ಅಷ್ಟೇ ಜಾಗ್ರತೆಯಲ್ಲಿ ನೋಡಿಕೊಳ್ಳುತ್ತಾರೆ. ಬಂಗಿನ ಮದ್ದಿನಲ್ಲಿ ಇದಕ್ಕಿಂತ ದೊಡ್ಡ ವಿಷಯ ಬೇರೆ ಇಲ್ಲ ಅಂತ ನನಗೆ ಈಗ ಅನಿಸುತ್ತದೆ.

ನನ್ನ ಮನೆ ಕಾಪುವಿನಲ್ಲಿ. ಒಂದು ಸೊಸೈಟಿಗೆ ಪಿಗ್ಮಿ ಕಲೆಕ್ಷನ್ ಮಾಡುತ್ತೇನೆ. ಬೆಳಿಗ್ಗೆ ಅಂಗಡಿಗಳು ತೆರೆದ ಮೇಲೆ ಹೊರಟರೆ ಮಧ್ಯಾಹ್ನದವರೆಗೆ ಸ್ಕೂಟರಿನಲ್ಲೇ ತಿರುಗಾಟ, ನೆತ್ತಿಯ ಮೇಲೆ ಬಿಸಿಲು. ಎರಡನೇ ಮಗು ಹೊಟ್ಟೆಯಲ್ಲಿದ್ದಾಗ ಎರಡೂ ಕೆನ್ನೆಯಲ್ಲಿ, ಮೇಲ್ತುಟಿಯಲ್ಲಿ, ಹಣೆಯ ಬದಿಯಲ್ಲಿ ಕಂದು ಬಣ್ಣ ಕಾಣಿಸಿಕೊಂಡಿತು. ಹೆರಿಗೆ ಆದ ಮೇಲೆ ಹೋಗುತ್ತದೆ ಎಂದು ಅತ್ತೆ ಹೇಳಿದರು. ಕೆಲವರಿಗೆ ಹೋಗುತ್ತದೆ, ಅದು ನಿಜ. ನನ್ನದು ಹೋಗಲಿಲ್ಲ. ಕೆಲಸಕ್ಕೆ ಮತ್ತೆ ಹೊರಟ ಮೇಲೆ ಇನ್ನೂ ಗಾಢವಾಯಿತು. ಬಸುರಿನ ಹಾರ್ಮೋನು, ಬಿಸಿಲು, ಮನೆತನದಲ್ಲಿ ಇರುವುದು, ಈ ಮೂರೂ ಸೇರಿದರೆ ಬಂಗು ಸುಲಭಕ್ಕೆ ಬಿಡುವುದಿಲ್ಲವಂತೆ. ನನ್ನ ಅಮ್ಮನಿಗೂ ಇತ್ತು. ಅಮ್ಮ ರಕ್ತಚಂದನ ತೇಯ್ದು ಹಚ್ಚಿದರು, ಜಾಯಿಕಾಯಿಯನ್ನು ಹಾಲಿನಲ್ಲಿ ತೇಯ್ದು ಹಚ್ಚಿದರು. ಅವರ ಕೈಯಲ್ಲಿ ಹಚ್ಚಿಸಿಕೊಂಡದ್ದು ಇಷ್ಟವಾಯಿತು, ಬಣ್ಣ ಮಾತ್ರ ಅಲ್ಲೇ ಇತ್ತು. ಲಿಂಬೆರಸ ಹಚ್ಚಿ ಎಂದು ಹೇಳುವವರೂ ಇದ್ದಾರೆ. ದಯವಿಟ್ಟು ಬೇಡ. ಲಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಇನ್ನೂ ಕಪ್ಪಾಗುತ್ತದೆ.

ನೋವಾಗುವುದು ಜನ ಕೇಳುವಾಗ. ಮದುವೆ ಮನೆಯಲ್ಲಿ ಊಟದ ಸಾಲಿನಲ್ಲಿ ನಿಂತಿರುವಾಗ "ಮುಖಕ್ಕೆ ಎಂತ ಆಯ್ತು ಮಾರಾಯ್ತಿ?" ಎಂದು ಜೋರಾಗಿ ಕೇಳುತ್ತಾರೆ. ಅವರಿಗೆ ಕೆಟ್ಟ ಮನಸ್ಸು ಇರುವುದಿಲ್ಲ. ಆದರೆ ಸುತ್ತ ಇರುವ ಎಲ್ಲರೂ ತಿರುಗಿ ನೋಡುತ್ತಾರೆ ಅಲ್ವಾ.

ಡಾಕ್ಟರ್ ಬಗ್ಗೆ ಸ್ವಲ್ಪ. ನಮ್ಮ ಕಡೆ ಸ್ಕಿನ್ ಡಾಕ್ಟರಿಗೆ ಬರಗಾಲ ಇಲ್ಲ. ಮಣಿಪಾಲ, ದೇರಳಕಟ್ಟೆ, ಕಂಕನಾಡಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೂ ಚರ್ಮದ ವಿಭಾಗ ಉಂಟು. ನಾನು ತೋರಿಸಿದ್ದು ಮಂಗಳೂರಿನ ಒಬ್ಬ ಲೇಡಿ ಡಾಕ್ಟರಿಗೆ. ಕೋಣೆಯ ಲೈಟ್ ಆರಿಸಿ, ವುಡ್ಸ್ ಲ್ಯಾಂಪ್ ಎಂಬ ನೇರಳೆ ಬೆಳಕಿನ ದೀಪ ಹಿಡಿದು ಮುಖ ನೋಡಿದರು. ಬಣ್ಣ ಚರ್ಮದ ಮೇಲಿನ ಪದರದಲ್ಲಿದ್ದರೆ ಆ ಬೆಳಕಿಗೆ ಎದ್ದು ಕಾಣುತ್ತದೆ, ಆಳದಲ್ಲಿದ್ದರೆ ಅಷ್ಟು ಕಾಣುವುದಿಲ್ಲ. ಮೇಲಿನದು ಬೇಗ ತಿಳಿಯಾಗುತ್ತದೆ, ಆಳದ್ದು ಹಟ ಮಾಡುತ್ತದೆ. ನನ್ನದು ಎರಡೂ ಸೇರಿದ್ದು ಎಂದರು. ಆಮೇಲೆ ಪ್ರಶ್ನೆ ಮೇಲೆ ಪ್ರಶ್ನೆ. ಮತ್ತೆ ಬಸುರಿ ಆಗುವ ಯೋಚನೆ ಉಂಟಾ, ಮಗುವಿಗೆ ಹಾಲು ಕೊಡುತ್ತೀರಾ, ಮಕ್ಕಳಾಗದ ಹಾಗೆ ಮಾತ್ರೆ ತೆಗೆದುಕೊಳ್ಳುತ್ತೀರಾ, ಥೈರಾಯ್ಡ್ ನೋಡಿಸಿದ್ದೀರಾ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು ಉಂಟಾ, ಯಾವ ಸೋಪಿಗೆ ಉರಿಯುತ್ತದೆ. ಇಷ್ಟು ಕೇಳದೆ ಬಂಗಿಗೆ ಮದ್ದು ಬರೆದುಕೊಡುವವರ ಹತ್ತಿರ ನಾನಂತೂ ಇನ್ನು ಹೋಗುವುದಿಲ್ಲ.

ರೆಡಿ ಟ್ಯೂಬ್ ಸಿಗುವಾಗ ಮಾಡಿಸುವುದು ಯಾಕೆ? ನಾನೂ ಇದನ್ನೇ ಕೇಳಿದೆ. ಡಾಕ್ಟರ್ ಬಿಡಿಸಿ ಹೇಳಿದರು.

ಬಂಗಿಗೆ ಪ್ರಪಂಚದಲ್ಲೆಲ್ಲ ಹೆಚ್ಚು ಬಳಕೆಯಲ್ಲಿರುವುದು ಮೂರು ಮದ್ದಿನ ಕೂಟ. 1975ರಲ್ಲಿ ಅಮೆರಿಕದಲ್ಲಿ ಕ್ಲಿಗ್‌ಮನ್, ವಿಲ್ಲಿಸ್ ಎಂಬ ಇಬ್ಬರು ಇದನ್ನು ಮೊದಲು ಬರೆದರು. ಹೈಡ್ರೋಕ್ವಿನೋನ್ 5 ಶೇಕಡಾ, ಟ್ರೆಟಿನಾಯಿನ್ 0.1 ಶೇಕಡಾ, ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ 0.1 ಶೇಕಡಾ. ಚರ್ಮ ಬಣ್ಣ ತಯಾರಿಸಲು ಬೇಕಾದ ಕಿಣ್ವವನ್ನು ಹೈಡ್ರೋಕ್ವಿನೋನ್ ತಡೆಯುತ್ತದೆ. ಟ್ರೆಟಿನಾಯಿನ್ ಹಳೆಯ ಚರ್ಮ ಬೇಗ ಉದುರಿ ಹೊಸದು ಬರುವ ಹಾಗೆ ಮಾಡುತ್ತದೆ. ಈ ಎರಡರಿಂದ ಆಗುವ ಉರಿಯನ್ನು ಸ್ಟೀರಾಯ್ಡ್ ಇಳಿಸುತ್ತದೆ. ಆ ಅಳತೆ ತುಂಬಾ ಖಾರ, ಈಗ ಅಷ್ಟು ಕೊಡುವುದು ಕಡಿಮೆ. 2002ರಲ್ಲಿ ಅಮೆರಿಕ ಸರಕಾರ ಒಪ್ಪಿದ ರೆಡಿ ಕ್ರೀಮಿನಲ್ಲಿ ಹೈಡ್ರೋಕ್ವಿನೋನ್ 4, ಟ್ರೆಟಿನಾಯಿನ್ 0.05, ಇನ್ನೊಂದು ಸೌಮ್ಯ ಸ್ಟೀರಾಯ್ಡ್ 0.01 ಶೇಕಡಾ. ಅದನ್ನೂ 8 ವಾರದವರೆಗೆ ಮಾತ್ರ ಎಂದು ಬರೆದೇ ಒಪ್ಪಿಗೆ ಕೊಟ್ಟದ್ದು.

ರೆಡಿ ಟ್ಯೂಬಿನಲ್ಲಿ ಅಳತೆ ಮೊದಲೇ ಗೊತ್ತುಮಾಡಿದ್ದು, ನಮಗೆ ಬೇಕಾದ ಹಾಗೆ ಬದಲಾಯಿಸಲು ಆಗುವುದಿಲ್ಲ. ನನ್ನ ಚರ್ಮ ಬೇಗ ಕೆಂಪಾಗುತ್ತದೆ. ನಮ್ಮಂಥ ಕಂದು ಬಣ್ಣದ ಚರ್ಮಕ್ಕೆ ಉರಿಯಾದರೆ, ಆ ಉರಿಯೇ ಕಪ್ಪು ಕಲೆ ಬಿಟ್ಟು ಹೋಗುತ್ತದೆ. ಬಂಗು ತೆಗೆಯಲು ಹೋಗಿ ಹೊಸ ಕಲೆ ಬಂದರೆ ಎಂತ ಪ್ರಯೋಜನ? ಅದಕ್ಕೆ ಡಾಕ್ಟರ್ ಅಳತೆ ಇಳಿಸಿ ಬರೆದರು. ಪರಿಮಳ ಹಾಕಬಾರದು ಎಂದು ಬರೆದರು. ಕರಾವಳಿಯ ಬೆವರಿಗೆ ಜಿಡ್ಡು ಮುಲಾಮು ಮುಖದಲ್ಲಿ ನಿಲ್ಲುವುದಿಲ್ಲ, ಹಗುರ ಕ್ರೀಮಿನಲ್ಲಿ ಕಲಸಿ ಎಂದೂ ಬರೆದರು. ನನ್ನ ಚೀಟಿಯ ಅಂಕಿಗಳನ್ನು ಇಲ್ಲಿ ಹಾಕುತ್ತಿಲ್ಲ. ಅದು ನನ್ನ ಮುಖ ನೋಡಿ ಬರೆದದ್ದು.

ಈಗ ಅಂಗಡಿ. ಹೊರಗಿನಿಂದ ಸಾಧಾರಣ ಮೆಡಿಕಲ್, ಬೋರ್ಡು ಕೂಡ ಮಾಸಿದೆ. ಹಿಂದೆ ಡಾಕ್ಟರ ಶಾಪಿನಲ್ಲಿ ಕಾಂಪೌಂಡರ್ ಇರುತ್ತಿದ್ದರು, ಮಿಕ್ಸ್‌ಚರ್ ಮಾಡಿ, ಬಾಟಲಿಗೆ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ, ಒಂದು ಗೆರೆಗೆ ಒಂದು ಡೋಸ್ ಎಂದು ಕೊಡುತ್ತಿದ್ದರು ಎಂದು ಅಜ್ಜಿ ಹೇಳುವುದನ್ನು ಕೇಳಿದ್ದೆ. ಆ ಕೆಲಸ ಇನ್ನೂ ಉಳಿದಿರುವುದು ಇಲ್ಲಿ ನೋಡಿದೆ. ಕೌಂಟರಿನ ಹಿಂದೆ ಗಾಜಿನ ಬಾಗಿಲಿನ ಸಣ್ಣ ಕೋಣೆ. ಒಳಗೆ ಫಾರ್ಮಸಿಸ್ಟ್ ಮೇಡಂ ಒಬ್ಬರೇ. ತಲೆಗೆ ಟೊಪ್ಪಿ, ಬಾಯಿಗೆ ಮಾಸ್ಕ್, ಕೈಗೆ ಗ್ಲೌಸ್. ಒಂದು ದಿನ ಕಾಯುವಾಗ ಗಾಜಿನ ಹೊರಗಿನಿಂದ ಪೂರ್ತಿ ನೋಡಿದೆ. ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಮಡಚಿದ ಬೆಣ್ಣೆ ಕಾಗದ ಇಟ್ಟು, ಅದರ ತೂಕ ಸೊನ್ನೆ ಮಾಡಿ, ಬಿಳಿ ಪುಡಿಯನ್ನು ಚಮಚದ ತುದಿಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿದರು. ಅಂಕಿ ಸ್ವಲ್ಪ ದಾಟಿತು, ತುದಿಯಲ್ಲಿ ಅಷ್ಟೇ ತೆಗೆದರು. ಮತ್ತೆ ನೋಡಿ ಪುಸ್ತಕದಲ್ಲಿ ಬರೆದರು. ಟ್ರೆಟಿನಾಯಿನ್ ಹಳದಿ ಪುಡಿ, ಬೆಳಕು ತಾಗಿದರೆ ಹಾಳಾಗುತ್ತದೆ, ಅದನ್ನು ತೆಗೆಯುವ ಮೊದಲು ಮೇಲಿನ ಟ್ಯೂಬ್‌ಲೈಟ್ ಆರಿಸಿದರು. ಗಾಜಿನ ಹಲಗೆಯ ಮೇಲೆ ಪುಡಿಗೆ ನಾಲ್ಕು ಹನಿ ದ್ರವ ಬಿಟ್ಟು ಉದ್ದ ಅಲಗಿನಿಂದ ಅರೆದರು. ಅದಕ್ಕೆ ಅಷ್ಟೇ ಕ್ರೀಮ್ ಸೇರಿಸಿ ಕಲಸಿದರು, ಆದದ್ದಕ್ಕೆ ಮತ್ತೆ ಅಷ್ಟೇ, ಹೀಗೆ ಪ್ರತಿ ಸಲ ಇಮ್ಮಡಿ ಮಾಡುತ್ತಾ ಹೋದರು. ಒಮ್ಮೆಗೇ ಎಲ್ಲ ಸುರಿದು ಕಲಸಿದರೆ ಪುಡಿ ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಆಗುತ್ತದಂತೆ. ಮುಖದ ಒಂದು ಜಾಗಕ್ಕೆ ಹೆಚ್ಚು ಮದ್ದು ಬಿದ್ದರೆ ಅಲ್ಲೇ ಸುಡುತ್ತದೆ. ಕೊನೆಗೆ ಅಲ್ಯೂಮಿನಿಯಂ ಟ್ಯೂಬಿಗೆ ತುಂಬಿ, ಹಿಂದಿನ ಬಾಯಿ ಇಕ್ಕಳದಲ್ಲಿ ಮಡಚಿ ಒತ್ತಿದರು.

ಟ್ಯೂಬ್ ಸಣ್ಣದು, 15 ಗ್ರಾಂ. ಲೇಬಲಿನಲ್ಲಿ ನನ್ನ ಹೆಸರು, ಡಾಕ್ಟರ್ ಹೆಸರು, ಯಾವ ಮದ್ದು ಎಷ್ಟು, ಮಾಡಿದ ದಿನಾಂಕ, ಬಿಸಾಡಬೇಕಾದ ದಿನಾಂಕ. ಒಂದು ತಿಂಗಳಿಗಿಂತ ಮುಂದಿನ ದಿನಾಂಕ ಹಾಕುವುದೇ ಇಲ್ಲ. ಹೈಡ್ರೋಕ್ವಿನೋನ್ ಗಾಳಿಗೆ ಬಾಳೆಕಾಯಿ ಹೆಚ್ಚಿಟ್ಟ ಹಾಗೆ ಕಪ್ಪಾಗುತ್ತದೆ ಎಂದು ಮೇಡಂ ಹೇಳಿದರು. ಬಿಳಿ ಕ್ರೀಮ್ ಕಂದು ಬಣ್ಣಕ್ಕೆ ತಿರುಗಿದರೆ ಅದರ ಶಕ್ತಿ ಹೋಯಿತು ಅಂತ ಲೆಕ್ಕ, ದಿನಾಂಕ ಇದ್ದರೂ ಹಚ್ಚಬಾರದು. ಡಬ್ಬಿಯಲ್ಲಿ ಕೊಟ್ಟರೆ ದಿನಾ ಮುಚ್ಚಳ ತೆಗೆದು ಬೆರಳು ಹಾಕುತ್ತೇವೆ, ಅದಕ್ಕೇ ಟ್ಯೂಬ್. ಇದನ್ನೆಲ್ಲ ಅವರು ಪ್ರತಿಯೊಬ್ಬರಿಗೂ ಬೇಸರ ಇಲ್ಲದೆ ಹೇಳುತ್ತಾರೆ.

ನನಗೆ ಅವರ ಮೇಲೆ ತುಂಬಾ ಗೌರವ ಬಂದದ್ದು ಇನ್ನೊಂದು ಕಾರಣಕ್ಕೆ. ನಾನಿದ್ದಾಗಲೇ ಒಬ್ಬರು ಖಾಲಿ ಟ್ಯೂಬ್ ತಂದು "ಇದೇ ಇನ್ನೆರಡು ಮಾಡಿ ಕೊಡಿ, ಒಳ್ಳೆ ಗುಣ ಉಂಟು" ಎಂದರು. ಮೇಡಂ ಪುಸ್ತಕ ತೆರೆದು ದಿನಾಂಕ ನೋಡಿದರು. "ನಿಮ್ಮದು ನಿಲ್ಲಿಸುವ ಸಮಯ ಆಯ್ತಲ್ವಾ ಅಕ್ಕ? ಒಮ್ಮೆ ಡಾಕ್ಟರಿಗೆ ತೋರಿಸಿ ಬನ್ನಿ, ಹೊಸ ಚೀಟಿ ಬರೆದರೆ ನಾಳೆಯೇ ಮಾಡಿಕೊಡುತ್ತೇನೆ." ಅವರಿಗೆ ಸಿಟ್ಟು ಬಂತು. ಅಷ್ಟು ದೂರದಿಂದ ಬಂದಿದ್ದೇನೆ, ದುಡ್ಡು ಕೊಡುವುದು ನಾನಲ್ವಾ ಎಂದರು. ಮೇಡಂ ಅವರನ್ನು ಕೂರಿಸಿ ನೀರು ಕೊಟ್ಟರು, ಮಾತು ಮಾತ್ರ ಬದಲಾಯಿಸಲಿಲ್ಲ. ಕೈಗೆ ಬಂದ ವ್ಯಾಪಾರ ಬಿಟ್ಟು ಹೀಗೆ ಹೇಳುವ ಅಂಗಡಿ ಎಷ್ಟಿವೆ ಹೇಳಿ.

ಯಾಕೆ ಇಷ್ಟು ಕಟ್ಟುನಿಟ್ಟು ಎಂದರೆ, ಈ ಕ್ರೀಮ್ ಶುರುವಿನಲ್ಲಿ ಒಳ್ಳೆ ಕೆಲಸ ಮಾಡುತ್ತದೆ, ಅದರಲ್ಲೇ ಅಪಾಯ ಇರುವುದು. ಗುಣ ಕಂಡಿತು ಎಂದು ಹಚ್ಚುತ್ತಲೇ ಹೋದರೆ ಸ್ಟೀರಾಯ್ಡ್ ಚರ್ಮವನ್ನು ತೆಳು ಮಾಡುತ್ತದೆ. ಮುಖ ಕೆಂಪಾಗುತ್ತದೆ, ಸಣ್ಣ ರಕ್ತನಾಳಗಳು ಕಾಣುತ್ತವೆ, ಮೊಡವೆ ಏಳುತ್ತದೆ, ಕೆನ್ನೆಯಲ್ಲಿ ಕೂದಲು ಬರುತ್ತದೆ. ನಿಲ್ಲಿಸಿದರೆ ಉರಿ ತಡೆಯಲು ಆಗುವುದಿಲ್ಲ, ಹಾಗಾಗಿ ಮತ್ತೆ ಅದನ್ನೇ ಹಚ್ಚುತ್ತಾರೆ. ಹೈಡ್ರೋಕ್ವಿನೋನನ್ನು ವರ್ಷಗಟ್ಟಲೆ ಹಚ್ಚಿದರೆ ಓಕ್ರೊನೋಸಿಸ್ ಎಂಬ ನೀಲಿ ಮಿಶ್ರಿತ ಕಪ್ಪು ಬರಬಹುದು, ಅದು ಬಂಗಿಗಿಂತ ಹಟದ್ದು. ಯುರೋಪಿನಲ್ಲಿ ಮುಖದ ಸೌಂದರ್ಯ ಕ್ರೀಮಿಗೆ ಇದನ್ನು ಹಾಕುವ ಹಾಗೇ ಇಲ್ಲ. ಅಮೆರಿಕದಲ್ಲೂ 2020ರಿಂದ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ನಮ್ಮಲ್ಲಿ 2018ರಲ್ಲಿ ಕೇಂದ್ರ ಸರಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇದ್ದರೆ ಮಾತ್ರ ಮಾರಬೇಕಾದ ಪಟ್ಟಿಗೆ ಸೇರಿಸಿತು. ಕಾನೂನು ಉಂಟು, ಆದರೂ ನಮ್ಮ ಪಕ್ಕದ ಮನೆಯ ಹುಡುಗಿಗೆ ಊರಿನ ಒಂದು ಅಂಗಡಿಯಲ್ಲಿ ಚೀಟಿ ಕೇಳದೆ ಸ್ಟೀರಾಯ್ಡ್ ಇರುವ ಟ್ಯೂಬ್ ಕೊಡುತ್ತಿದ್ದರು. ಬಿಳಿಯಾಗುತ್ತದೆ ಎಂದು ಅವಳು ಕಾಲೇಜಿಗೆ ಹೋಗುವಾಗಲೆಲ್ಲ ಹಚ್ಚುತ್ತಿದ್ದಳು. ಈಗ ಒಲೆಯ ಮುಂದೆ ನಿಂತರೆ ಸಾಕು, ಅವಳ ಮುಖ ಕೆಂಪಾಗಿ ಕುದಿಯುತ್ತದೆ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಇನ್ನು ಹೆಸರು, ವಿಳಾಸ ಇಲ್ಲದ ಬಿಳುಪಿನ ಕ್ರೀಮ್‌ಗಳು. 2023ರಲ್ಲಿ ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮ್ ಹಚ್ಚಿದವರಿಗೆ ಕಿಡ್ನಿ ಕಾಯಿಲೆ ಬಂದದ್ದು ಪೇಪರಿನಲ್ಲಿ ಬಂದಿತ್ತು. ಕಾರಣ ಪಾದರಸ. ಲೇಬಲಿನಲ್ಲಿ ಏನಿದೆ ಎಂದು ಬರೆಯದ ಕ್ರೀಮನ್ನು ಯಾರು ಕೊಟ್ಟರೂ, ಗಲ್ಫಿನಿಂದ ಸಂಬಂಧಿಕರು ತಂದುಕೊಟ್ಟರೂ, ಮುಖಕ್ಕೆ ಹಚ್ಚಬೇಡಿ.

ನನ್ನ ಕ್ರೀಮ್ ಹೇಗೆ ಕೆಲಸ ಮಾಡಿತು ಅಂತ ಹೇಳುತ್ತೇನೆ. ಮೊದಲು ಕಿವಿಯ ಹಿಂದೆ ಹಚ್ಚಿ ನೋಡಲು ಹೇಳಿದರು, ಏನೂ ಆಗಲಿಲ್ಲ. ಆಮೇಲೆ ರಾತ್ರಿ ಮಾತ್ರ, ಬಟಾಣಿಯಷ್ಟು, ಕಲೆ ಇರುವಲ್ಲಿ ತೆಳ್ಳಗೆ. ಶುರುವಿನಲ್ಲಿ ಸಿಪ್ಪೆ ಎದ್ದಿತು, ಬಾಯಿಯ ಮೂಲೆಯಲ್ಲಿ ಚುರುಚುರು ಅನ್ನುತ್ತಿತ್ತು. ಡಾಕ್ಟರಿಗೆ ಫೋನ್ ಮಾಡಿದೆ, ದಿನ ಬಿಟ್ಟು ದಿನ ಹಚ್ಚಿ ಎಂದರು, ಸರಿಯಾಯಿತು. ಮೊದಲ ಟ್ಯೂಬ್ ಮುಗಿಯುವವರೆಗೆ ಕನ್ನಡಿಯಲ್ಲಿ ನನಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಎರಡನೆಯದರಲ್ಲಿ ಮೇಲ್ತುಟಿ ತಿಳಿಯಾಯಿತು. ಹಣೆ ಆಮೇಲೆ. ಕೆನ್ನೆ ಎಲ್ಲಕ್ಕಿಂತ ನಿಧಾನ.

ಆದರೆ ಸನ್‌ಸ್ಕ್ರೀನ್ ಇಲ್ಲದೆ ಇದರಲ್ಲಿ ಏನೂ ಆಗುವುದಿಲ್ಲ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯಬೇಕು ಅನಿಸುತ್ತದೆ. ಎಸ್‌ಪಿಎಫ್ 50 ಇರುವುದು, ಎರಡು ಬೆರಳ ಉದ್ದಕ್ಕೆ ತೆಗೆದು ಮುಖ, ಕುತ್ತಿಗೆಗೆ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಬಂಗಿಗೆ ಅಲ್ಟ್ರಾವಯಲೆಟ್ ಮಾತ್ರ ಶತ್ರು ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಕಪ್ಪು ಮಾಡುತ್ತದೆ. ಬಿಳಿ ಸನ್‌ಸ್ಕ್ರೀನ್ ಅದನ್ನು ಸರಿಯಾಗಿ ತಡೆಯುವುದಿಲ್ಲ, ಐರನ್ ಆಕ್ಸೈಡ್ ಇರುವ ಬಣ್ಣದ್ದು ತಡೆಯುತ್ತದೆ. ಅದಕ್ಕೆ ನನಗೆ ಬಣ್ಣ ಬೆರೆತ ಸನ್‌ಸ್ಕ್ರೀನನ್ನೇ ಬರೆದುಕೊಟ್ಟರು. ನಮ್ಮ ಕಡೆಯ ಸೆಕೆಗೆ ಅದು ಬೆವರಿನಲ್ಲಿ ಇಳಿದು ಹೆಲ್ಮೆಟ್ ಪಟ್ಟಿಗೆ, ಕಾಲರಿಗೆ ಅಂಟುತ್ತದೆ. ತೊಂದರೆಯೇ, ಆದರೂ ಬಿಡಬೇಡಿ. ಆಷಾಢದ ಮೋಡ ನೋಡಿ ಇವತ್ತು ಬೇಡ ಎನ್ನುವ ಹಾಗಿಲ್ಲ. ಒಣಗಿದ ಬೈರಾಸು ಇಟ್ಟುಕೊಳ್ಳಿ, ಬೆವರು ಒತ್ತಿ ತೆಗೆದು ಮತ್ತೆ ಹಚ್ಚಿ, ಉಜ್ಜಬೇಡಿ.

ಮೊದಲ ಹಂತ ಮುಗಿದ ಮೇಲೆ ಡಾಕ್ಟರ್ ಚೀಟಿ ಬದಲಾಯಿಸಿದರು. ಹೈಡ್ರೋಕ್ವಿನೋನ್ ಇಲ್ಲ, ಸ್ಟೀರಾಯ್ಡ್ ಇಲ್ಲ. ಅಜೆಲಾಯಿಕ್ ಆಸಿಡ್ ಮತ್ತು ನಿಯಾಸಿನಮೈಡ್ ಎಂಬ, ಬಣ್ಣ ತಿಳಿ ಮಾಡುವ ಬೇರೆ ಎರಡು ಮದ್ದು. ಇದರಲ್ಲಿ ನನಗೆ ಒಂದು ದೂರು ಇದೆ. ಮೊದಲ ಟ್ಯೂಬ್ ಮುಖಕ್ಕೆ ಹಚ್ಚಿದರೆ ಸಣ್ಣ ರವೆ ಸಿಕ್ಕಿದ ಹಾಗೆ ಕೈಗೆ ತಾಗುತ್ತಿತ್ತು. ಅಜೆಲಾಯಿಕ್ ಆಸಿಡ್ ಸುಲಭಕ್ಕೆ ಕರಗುವ ಪುಡಿ ಅಲ್ಲ, ನುಣ್ಣಗೆ ಅರೆಯದಿದ್ದರೆ ಹೀಗಾಗುತ್ತದೆ. ಮೇಡಂ ರಜೆಯಲ್ಲಿದ್ದಾಗ ಬೇರೆಯವರು ಮಾಡಿದ್ದರಂತೆ. ವಾಪಸ್ ಕೊಂಡುಹೋದೆ. ಮೇಡಂ ತಮ್ಮ ಕೈಯ ಹಿಂಬದಿಗೆ ಹಚ್ಚಿ ನೋಡಿ, ಕ್ಷಮೆ ಕೇಳಿ, ದುಡ್ಡು ತೆಗೆದುಕೊಳ್ಳದೆ ಹೊಸದು ಮಾಡಿಕೊಟ್ಟರು. ಹಾಗೆ ಮಾಡಿದ್ದು ಒಳ್ಳೆಯದೇ. ಆದರೆ ಒಬ್ಬರ ಕೈಯ ಮೇಲೇ ಪೂರ್ತಿ ಅಂಗಡಿ ನಿಂತಿದ್ದರೆ ಅವರಿಲ್ಲದ ದಿನ ಏನು ಗತಿ? ಇನ್ನೊಬ್ಬರನ್ನು ಸರಿಯಾಗಿ ತಯಾರು ಮಾಡಲೇಬೇಕು. ನಮ್ಮ ಎರಡು ಜಿಲ್ಲೆಗಳಲ್ಲಿ ಫಾರ್ಮಸಿ ಕಾಲೇಜುಗಳು ಎಷ್ಟಿವೆ, ಕಲಿತು ಹೊರಬರುವ ಮಕ್ಕಳು ಎಷ್ಟಿದ್ದಾರೆ. ಇಂಥ ಕೆಲಸ ಕೊಟ್ಟರೆ ಖುಷಿಯಿಂದ ಮಾಡುತ್ತಾರೆ.

ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಬಗ್ಗೆಯೂ ತುಂಬಾ ಜನ ಕೇಳುತ್ತಾರೆ. ಮುಟ್ಟಿನ ರಕ್ತಸ್ರಾವ ಜಾಸ್ತಿ ಇದ್ದರೆ ಕೊಡುವ ಮಾತ್ರೆ ಅದು, ಕಡಿಮೆ ಡೋಸಿನಲ್ಲಿ ಬಂಗಿಗೂ ಕೊಡುತ್ತಾರೆ. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಆಗುವುದಿಲ್ಲ. ನನಗೆ ಡಾಕ್ಟರ್ ಬೇಡ ಎಂದರು, ನಾನು ತೆಗೆದುಕೊಂಡಿಲ್ಲ.

ಬೇರೆ ದೂರುಗಳು. ದುಡ್ಡು ಜಾಸ್ತಿ, ರೆಡಿ ಟ್ಯೂಬಿನ ಎರಡು ಪಟ್ಟಿಗಿಂತ ಮೇಲೆ. ಸನ್‌ಸ್ಕ್ರೀನ್, ಡಾಕ್ಟರ್ ಫೀಸ್, ಬಸ್ ಚಾರ್ಜ್ ಸೇರಿಸಿದರೆ ನಮ್ಮಂಥ ಮನೆಗೆ ಅದು ಸಣ್ಣ ಮೊತ್ತ ಅಲ್ಲ. ಚೀಟಿ ಕೊಟ್ಟ ದಿನವೇ ಸಿಗುವುದು ಅಪರೂಪ, ಮರುದಿನ ಬನ್ನಿ ಎನ್ನುತ್ತಾರೆ. ಉಡುಪಿ ಕಡೆಯಿಂದ ಹೋಗುವವರಿಗೆ ಅರ್ಧ ದಿನ ಹೋಯಿತು. ಚೀಟಿಯ ಫೋಟೋ ವಾಟ್ಸಾಪ್ ಮಾಡಿದರೆ ಮೊದಲೇ ಮಾಡಿಡುತ್ತಾರೆ, ಆದರೆ ಮೂಲ ಚೀಟಿ ತೋರಿಸದೆ ಕೈಗೆ ಕೊಡುವುದಿಲ್ಲ. ಕೊರಿಯರ್ ಇಲ್ಲ, ಗಾಡಿಯ ಬಿಸಿಗೆ ಮದ್ದು ಹಾಳಾಗುತ್ತದೆ ಎನ್ನುತ್ತಾರೆ. ಅದು ನನಗೂ ಸರಿ ಅನಿಸಿತು. ಫೋನ್ ಎತ್ತುವುದು ಕಮ್ಮಿ. ಲೇಬಲ್ ಪೂರ್ತಿ ಇಂಗ್ಲಿಷಿನಲ್ಲಿ. "ರಾತ್ರಿ ಮಾತ್ರ", "ಬಸುರಿಯರು ಹಚ್ಚಬಾರದು", "ಈ ದಿನಾಂಕದ ನಂತರ ಬಿಸಾಡಿ" ಎನ್ನುವ ಮೂರು ಮಾತನ್ನಾದರೂ ಕನ್ನಡದಲ್ಲಿ ಹಾಕಿ ಎಂದು ಕೇಳಿದ್ದೇನೆ. ಮಲ್ಪೆಯಲ್ಲಿ ಮೀನು ಮಾರಲು ಬಿಸಿಲಿನಲ್ಲಿ ಕೂರುವ ಅಕ್ಕಂದಿರಿಗೂ ಬಂಗು ಬರುತ್ತದೆ, ಅವರೂ ಓದಬೇಕಲ್ವಾ. ಮಾಡುತ್ತೇವೆ ಎಂದಿದ್ದಾರೆ. ಇನ್ನೂ ಮಾಡಿಲ್ಲ.

ಈಗ ನನ್ನ ಮುಖ ಹೇಗಿದೆ? ಮೇಲ್ತುಟಿ ಹೆಚ್ಚುಕಡಿಮೆ ಮೊದಲಿನ ಹಾಗೆ. ಹಣೆಯಲ್ಲಿ ಹತ್ತಿರದಿಂದ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಎಡ ಕೆನ್ನೆಯಲ್ಲಿ ತಿಳಿ ಕಂದು ಇನ್ನೂ ಉಂಟು. ಮೇ ತಿಂಗಳ ಬಿಸಿಲಿಗೆ ಅದು ಸ್ವಲ್ಪ ಎದ್ದಿತು, ಮಳೆ ಹಿಡಿದ ಮೇಲೆ ಇಳಿಯಿತು. ಬಂಗು ತಿರುಗಿ ಬರುವ ಜಾತಿಯದು, ಅದನ್ನು ಡಾಕ್ಟರ್ ಮೊದಲ ದಿನವೇ ಹೇಳಿದ್ದರು. ಪೂರ್ತಿ ಹೋಗುತ್ತದೆ ಎಂದು ಗ್ಯಾರಂಟಿ ಕೊಡುವ ಯಾರನ್ನೂ ನಂಬಬೇಡಿ. ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಳೆದದ್ದು ಆ ರವೆ ಟ್ಯೂಬಿಗೆ ಮತ್ತು ಇಂಗ್ಲಿಷ್ ಲೇಬಲಿಗೆ.

ಹೋಗುವವರಿಗೆ: ಉಡುಪಿ ಕಡೆಯಿಂದ ಬಂದರೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಜ್ಯೋತಿ ಸ್ಟಾಪಿನಲ್ಲಿ ಇಳಿದು ಕಂಕನಾಡಿಗೆ ಸಿಟಿ ಬಸ್ ಹಿಡಿಯಿರಿ. ಬೆಳಿಗ್ಗೆ ಹೋದರೆ ಒಳ್ಳೆಯದು, ಮಧ್ಯಾಹ್ನ ಊಟದ ಹೊತ್ತಿಗೆ ಒಳಗಿನ ಕೋಣೆ ಮುಚ್ಚಿರುತ್ತದೆ. ಭಾನುವಾರ ಕ್ರೀಮ್ ಮಾಡುವುದಿಲ್ಲ. ಇಲ್ಲಿಯವರೆಗೆ ಮುಖಕ್ಕೆ ಹಚ್ಚಿದ ಎಲ್ಲ ಟ್ಯೂಬ್, ಡಬ್ಬಿ, ಪಾರ್ಲರಿನವರು ಕೊಟ್ಟದ್ದಾದರೂ ಸರಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೊದಲು ಡಾಕ್ಟರಿಗೆ ತೋರಿಸಿ. ಬಸುರಿಯಾಗಿದ್ದರೆ ಅಥವಾ ಆಗುವ ಯೋಚನೆ ಇದ್ದರೆ ಅದನ್ನು ಡಾಕ್ಟರಿಗೂ ಹೇಳಿ, ಅಂಗಡಿಯ ಮೇಡಂಗೂ ಹೇಳಿ. ಮನೆಗೆ ತಂದ ಟ್ಯೂಬನ್ನು ಸ್ಕೂಟರ್ ಡಿಕ್ಕಿಯಲ್ಲಿ ಬಿಡಬೇಡಿ, ಬಿಸಿಲು ತಾಗದ ತಂಪು ಜಾಗದಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.